ಅಣ್ಣನ ಜಿರಲೆ

ಮಾರ್ಚ್ ೧೪, ಗುರುವಾರ

ಇನ್ನೂ ಮೈ ಉರೀತಿದೆ. ಯುದ್ಧದಲ್ಲಿ ಸತ್ತ ಅಣ್ಣನ ಫೋಟೋನ ಇವತ್ತು ಅವನು ಓದಿದ ಶಾಲೆಯ ಗೋಡೆಗೆ ಹಾಕಿದರು. "ಅವನಿಗೆ ಭಯ ಅಂದ್ರೇನು ಅಂತಾನೇ ಗೊತ್ತಿರಲಿಲ್ಲ" ಅಂದರು ಹೆಡ್‌ಮಾಸ್ತರು. ಬರೀ ಸುಳ್ಳು! ಜಿರಲೆ ಕಂಡರೆ ಮಂಚ ಹತ್ತಿ, "ಲೇ ಮರಿ, ಚಪ್ಪಲಿ ತಗೊಂಡು ಬಾರೋ, ಅಮ್ಮಂಗೆ ಹೇಳ್ಬೇಡ" ಅಂತಿದ್ದ. ಕೊನೇ ಸಲ ಹೊರಟಾಗ ಬೂಟಿನ ಲೇಸ್ ಮೂರು ಸಲ ಕಟ್ಟೋಕೆ ಹೋಗಿ ಆಗದೆ ಕಾಲು ಚಾಚಿದ, ನಾನೇ ಕಟ್ಟಿದೆ. ಅಷ್ಟು ಹೆದರಿಕೊಂಡೂ ಹೋದ. ಅದನ್ನ ಹೇಳ್ರೋ! ನಾನೇ ಹೇಳೋಣ ಅಂದ್ರೆ, ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನಂಥ ಪಂಚರ್ ಅಂಗಡಿಯವನಿಗೆ ಮೈಕ್ ಯಾರು ಕೊಡ್ತಾರೆ?

ಎದ್ದೇಬಿಟ್ಟಿದ್ದೆ. ಅಮ್ಮ ಅಂಗಿ ಹಿಡಿದು ಕೂರಿಸಿದಳು. "ಸುಮ್ನಿರೋ. ಜಿರಲೆ ವಿಷಯ ನಂಗೂ ಗೊತ್ತು." ಎಲ್ಲರ ಎದುರಿಗೇ ಇಬ್ಬರೂ ನಕ್ಕುಬಿಟ್ಟೆವು.

ಈಗ ಬಚ್ಚಲಲ್ಲಿ ಒಂದು ಜಿರಲೆ ಓಡಾಡ್ತಿದೆ. ಚಪ್ಪಲಿ ಎತ್ತಿದವನು ಹಾಗೇ ನಿಂತೆ. ಮಂಚದ ಮೇಲಿಂದ ಕೂಗೋನೇ ಇಲ್ಲ, ಇನ್ನು ಹೊಡೆದು ಏನು ಪ್ರಯೋಜನ?