ಜೀಪಿನಲ್ಲೇ ಕುಳಿತು ನೋಡಿದ ನಾನೂರು ಸಸಿಗಳು

ಊರು ಹಸಿರು ಯೋಜನೆಯ ಅನುದಾನ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ಸಂತೆಪದವಿನ ಮಾರ್ಕೆಟ್ ಹಿಂದೆ ನಾವು ನೆಟ್ಟ ನಾನೂರು ಸಸಿಗಳೂ ಸತ್ತಿವೆ ಎಂದು ಕಳೆದ ಮೇ ತಿಂಗಳಿನಲ್ಲಿ ನಿಮ್ಮ ಕಚೇರಿ ನಮಗೆ ತಿಳಿಸಿತು. ಆ ಕಾರಣಕ್ಕೆ ಎರಡನೆಯ ವರ್ಷದ ಅನುದಾನವನ್ನು ನಿಲ್ಲಿಸಿತು. ಈಗ ಸೆಪ್ಟೆಂಬರಿನಲ್ಲಿ ಅದೇ ಕಚೇರಿಯಿಂದ ಇನ್ನೊಂದು ಆದೇಶ ಬಂದಿದೆ. ಸದರಿ ಜಾಗದಲ್ಲಿ ಅನುಮತಿಯಿಲ್ಲದೆ ಬೆಳೆದಿರುವ ಗಿಡಗಳನ್ನು ದೀಪಾವಳಿಯೊಳಗೆ ತೆರವುಗೊಳಿಸಬೇಕು, ಜಾಗವನ್ನು ಲಾರಿ ನಿಲ್ದಾಣಕ್ಕೆ ಬಿಟ್ಟುಕೊಡಬೇಕು ಎಂದು ಅದರಲ್ಲಿದೆ. ಸತ್ತ ಗಿಡಗಳಿಗೆ ಅನುದಾನವಿಲ್ಲ ಎಂಬುದನ್ನು ಒಪ್ಪುತ್ತೇವೆ. ಆದರೆ ಸತ್ತಿದ್ದರೆ ಕೀಳುವುದು ಏನನ್ನು? ಬದುಕಿದ್ದರೆ ಅನುದಾನ ನಿಲ್ಲಿಸಿದ್ದು ಏಕೆ? ಈ ಎರಡರಲ್ಲಿ ಒಂದನ್ನು ತಾವು ಆರಿಸಿಕೊಳ್ಳಬೇಕೆಂದು ಕೇಳಲು ಈ ಬಹಿರಂಗ ಪತ್ರ.

ಪತ್ರಿಕೆಯ ಓದುಗರಿಗಾಗಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ನಮ್ಮದು ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಹೋಗುವ ದಾರಿಯಲ್ಲಿ ಸಿಗುವ ಸಣ್ಣ ಪೇಟೆ. ಮಾರ್ಕೆಟಿನ ಹಿಂದಿನ ಪದವು, ಅಂದರೆ ಎತ್ತರದ ಬಯಲು, ಬರೀ ಮುರಕಲ್ಲು. ಪಿಕ್ಕಾಸು ಹಾಕಿದರೆ ಪಿಕ್ಕಾಸೇ ಹಾರಿ ಹಿಂದಕ್ಕೆ ಬರುವ ನೆಲ. ಅಲ್ಲಿ ಲಾರಿಗಳು ನಿಲ್ಲುತ್ತಿದ್ದವು. ಲಾರಿಗಳ ನಡುವೆ ಊರಿನ ಕಸವೆಲ್ಲ ಬೀಳುತ್ತಿತ್ತು. ಪದವಿನ ಅಂಚಿಗೆ ನಫೀಸಮ್ಮನವರ ಮನೆ. ಹಿಂದಕ್ಕೆ ಬರುವ ಲಾರಿಗಳು ಅವರ ಕಂಪೌಂಡನ್ನು ಎರಡು ಬಾರಿ ಕೆಡವಿದ್ದವು. ಹೊಗೆ, ನೊಣ, ಹಾರ್ನ್ ತಡೆಯಲಾರದೆ ಆ ಬದಿಯ ಕಿಟಕಿಗಳಿಗೆ ಅವರು ಹಲಗೆ ಹೊಡೆಸಿದ್ದರು. ಮದುವೆಯಾಗಿ ಬಂದ ಸೊಸೆ ಮಿಸ್ರಿಯಾ ಆ ಕೋಣೆಗೆ ಕಿಟಕಿ ಉಂಟೆಂದು ತಿಳಿದದ್ದು ಒಂದು ವರ್ಷದ ಮೇಲೆ.

೧೯೯೯ರಲ್ಲಿ ನಿಮ್ಮ ಯೋಜನೆ ಬಂತು. ಅಂಗಡಿಯವರು, ರಿಕ್ಷಾದವರು, ಮೀನಿನವರು ಸೇರಿ ಸಮಿತಿ ಮಾಡಿದೆವು. ಪೇಪರ್ ಏಜೆನ್ಸಿ ಇಟ್ಟುಕೊಂಡಿರುವ ನನ್ನನ್ನು, ದಿನಾ ಪೇಪರ್ ಓದುವವನೆಂಬ ಒಂದೇ ಅರ್ಹತೆಯ ಮೇಲೆ ಅಧ್ಯಕ್ಷನನ್ನಾಗಿ ಮಾಡಿದರು. ಲಾರಿಯವರು ಒಪ್ಪಿ ಹೆದ್ದಾರಿ ಬದಿಗೆ ಸರಿದರು. ಮುರಕಲ್ಲು ಒಡೆದು ಗುಂಡಿ ತೋಡಿ, ಹೊರಗಿನಿಂದ ಮಣ್ಣು ತಂದು ತುಂಬಿಸಿ, ಹಲಸು, ನೇರಳೆ, ಪುನರ್ಪುಳಿ, ಕಾಟುಮಾವು, ಹೊನ್ನೆ ನೆಟ್ಟೆವು. ನೀರು ನಫೀಸಮ್ಮನವರ ಬಾವಿಯದ್ದು. ಆ ಮಳೆಗಾಲ ಮುಗಿದ ಮೇಲೆ ಅವರ ಮಗ ನಿಝಾರ್ ಗಲ್ಫಿನಿಂದ ರಜೆಯಲ್ಲಿ ಬಂದು ಹಲಗೆ ತೆಗೆಸಿ, ಕಿಟಕಿಗಳಿಗೆ ಹಸಿರು ಬಣ್ಣ ಬಳಿಸಿ ಹೋದ.

ಇನ್ನು ತಪಾಸಣೆಯ ವಿಚಾರ. ಎಳೆಯ ಅಡಿಕೆ, ತೆಂಗಿನ ಸಸಿಗಳಿಗೆ ಬೇಸಿಗೆಯಲ್ಲಿ ಮಡಲು, ಅಂದರೆ ತೆಂಗಿನ ಗರಿ, ಕಟ್ಟಿ ನೆರಳು ಮಾಡುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಕ್ರಮ. ಸಾಮಾನ್ಯವಾಗಿ ಪಡುವಣ ಬಿಸಿಲು ಬೀಳುವ ಬದಿಗೆ ಮಾತ್ರ ಕಟ್ಟಿದರೆ ಸಾಕು. ಆದರೆ ಏಪ್ರಿಲಿನಲ್ಲಿ ನಿಮ್ಮ ತಪಾಸಣಾಧಿಕಾರಿಗಳು ಬರುತ್ತಾರೆಂದು ತಿಳಿದಾಗ ನಫೀಸಮ್ಮ ಹೇಳಿದರು: "ದೊಡ್ಡವರು ಬರುವಾಗ ಗಿಡ ಬಾಡಿ ತಲೆ ತಗ್ಗಿಸಿ ನಿಲ್ಲುವುದು ಚಂದವಾ ಶಶಿರಾಜಣ್ಣ? ಸುತ್ತ ಕಟ್ಟಿಸಿ ಬಿಡುವ. ಬಂದಾಗ ತೆಗೆದು ತೋರಿಸಿದರಾಯಿತು." ತೆಂಗಿನ ಮರ ಹತ್ತುವ ವೆಂಕಪ್ಪ ಊರೆಲ್ಲ ತಿರುಗಿ ಮಡಲು ತಂದರು. ನಾನೂರು ಸಸಿಗಳನ್ನೂ ಬುಡದಿಂದ ತುದಿಯವರೆಗೆ, ಮದುಮಗಳಿಗೆ ಮುಸುಕು ಹಾಕಿದಂತೆ ಮುಚ್ಚಿದೆವು. ಅತಿಥಿ ಮರ್ಯಾದೆ ಸ್ವಲ್ಪ ಹೆಚ್ಚಾಯಿತು ಎಂಬುದೇ ನಮ್ಮ ಅಪರಾಧ.

ಜೀಪು ರಸ್ತೆಯಲ್ಲೇ ನಿಂತಿತು. ಅಧಿಕಾರಿಗಳು ಕತ್ತು ಹೊರಗೆ ಹಾಕಿ, "ಎಲ್ಲಾ ಒಣಗಿ ಹೋಗಿದೆಯಲ್ರೀ!" ಎಂದರು.

"ಒಣಗಿದ್ದು ಮಡಲು ಸಾರ್. ಗಿಡ ಒಳಗೆ ಉಂಟು," ಎಂದರು ವೆಂಕಪ್ಪ.

"ಒಳಗೆ ಅಂದರೆ?"

"ಒಳಗೆ ಅಂದ್ರೆ ಒಳಗೆಯೇ ಸಾರ್. ಇಳಿದು ಬನ್ನಿ, ಬಿಚ್ಚಿ ತೋರಿಸ್ತೇನೆ."

"ಬೆಳ್ತಂಗಡಿಯಲ್ಲಿ ಮೀಟಿಂಗ್ ಇದೆ. ವರದಿಯಲ್ಲಿ ಬರೀತೀನಿ ಬಿಡಿ," ಎಂದು ಹೊರಟೇಬಿಟ್ಟರು. ಪುನರ್ಪುಳಿ ಶರಬತ್ತಿನ ಲೋಟ ಹಿಡಿದು ಗೇಟಿನವರೆಗೆ ಬಂದಿದ್ದ ನಫೀಸಮ್ಮ ಜೀಪಿನ ಧೂಳು ನೋಡುತ್ತಾ ನಿಂತರು. "ಎಂತ ಶಶಿರಾಜಣ್ಣ ಇದು? ಸಾವಿನ ಮನೆಗೆ ಬಂದವರ ಹಾಗೆ ನೀರೂ ಮುಟ್ಟದೆ ಹೋದರಲ್ಲ?" ಎಂದರು. ವರದಿ ಬಂದ ಮೇಲೆ ಅವರ ಮಾತು ನಿಜವೆಂದು ಗೊತ್ತಾಯಿತು. ಸಾಹೇಬರು ಸಾವಿನ ಮನೆಗೇ ಬಂದಿದ್ದರು. ನಮಗೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು. ಮಡಲು ಬಿಚ್ಚಿದೆವು. ಸಸಿಗಳು ಚಿಗುರಿ ಸೊಂಟದವರೆಗೆ ಬಂದವು. ನಾನು ಫೋಟೋ ತೆಗೆಸಿಕೊಂಡು ನಿಮ್ಮ ಕಚೇರಿಗೆ ಬಂದೆ. ಅಲ್ಲಿನ ಗುಮಾಸ್ತರು ಒಳ್ಳೆಯವರು, ಕುರ್ಚಿ ಕೊಟ್ಟರು. ಫೋಟೋ ನೋಡಿ, "ಗಿಡ ಚಂದ ಉಂಟು ಮಾರಾಯ್ರೆ. ಆದರೆ ನಿಮ್ಮದು ಸತ್ತಾಗಿದೆಯಲ್ಲ? ಇದು ಬೇರೆ ಇರಬೇಕು," ಎಂದರು. ಬೇರೆಯಲ್ಲ, ಅದೇ ಎಂದೆ. "ಅದೇ ಅಂತ ನಾನು ಬರೆದರೆ ಸಾಹೇಬರು ಸುಳ್ಳು ಬರೆದ ಹಾಗೆ ಆಗ್ತದೆ. ಬೇರೆ ಅಂತ ಬರೆದರೆ ಯಾರಿಗೂ ತೊಂದರೆ ಇಲ್ಲ," ಎಂದು ಸಮಾಧಾನ ಹೇಳಿದರು. ಯಾರಿಗೂ ತೊಂದರೆಯಾಗದ ಆ ಮಾತಿನಿಂದಲೇ ತೆರವಿನ ಆದೇಶ ಹುಟ್ಟಿದೆ. ಮೊದಲು ನೆಟ್ಟವು ಸತ್ತವು, ಈಗಿನವು ಬೇರೆ, ಬೇರೆಯವಕ್ಕೆ ಅನುಮತಿಯಿಲ್ಲ. ಒಬ್ಬ ಅಧಿಕಾರಿಯ ಮರ್ಯಾದೆ ಉಳಿಯಲು ನಾನೂರು ಗಿಡಗಳು ಅತಿಕ್ರಮಣಕಾರರಾಗಬೇಕಾಯಿತು. ತಪ್ಪಾಗಿ ನೋಡಿದೆವು ಎಂದು ಒಂದು ಸಾಲು ಬರೆಯುವುದು ಇಡೀ ಪದವಿನ ಗಿಡಗಳನ್ನು ಬೋಳಿಸುವುದಕ್ಕಿಂತ ಕಷ್ಟವೇ?

ಲಾರಿಗಳಿಗೂ ಜಾಗ ಬೇಕು, ಇಲ್ಲವೆನ್ನುವುದಿಲ್ಲ. ಹೆದ್ದಾರಿ ಬದಿಯಲ್ಲಿ ಅವು ಈಗ ನಿಲ್ಲುವ ಜಾಗವನ್ನೇ ಸಮತಟ್ಟು ಮಾಡಿಕೊಟ್ಟರೆ ಸಾಕೆಂದು ಲಾರಿ ಮಾಲೀಕರೂ ನಮ್ಮ ಮನವಿಗೆ ಸಹಿ ಹಾಕಿದ್ದಾರೆ. ಪದವಿಗೆ ಪುನಃ ಲಾರಿ ಬಂದರೆ ನಫೀಸಮ್ಮನವರ ಕಿಟಕಿಗಳಿಗೆ ಪುನಃ ಹಲಗೆ ಬೀಳಬೇಕು. ಮಿಸ್ರಿಯಾ ಈಗ ಆ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಾಳೆ. ನಿಮ್ಮ ಆದೇಶವನ್ನು ನಾನು ಓದಿ ಹೇಳಿದಾಗ ಅವಳು ಮೆಷಿನ್ ನಿಲ್ಲಿಸಿ ಕೇಳಿದಳು: "ಗಿಡ ಸತ್ತದ್ದು ನಿಜ ಅಂತ ಅವರು ಕಡಿದು ತೋರಿಸುವುದಾ?" ಇದಕ್ಕೆ ಉತ್ತರವನ್ನು ದಯವಿಟ್ಟು ತಾವೇ ಅವಳಿಗೆ ನೇರವಾಗಿ ಬರೆಯಿರಿ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟೇ. ತೆರವಿನ ಆದೇಶವನ್ನು ದೀಪಾವಳಿಗೆ ಮೊದಲೇ ಹಿಂದೆಗೆದುಕೊಳ್ಳಿ. ಗಿಡಗಳನ್ನು ಮರುತಪಾಸಣೆ ಮಾಡಿ. ತಪಾಸಣೆ ಮಾಡುವವರು ನೆಲಕ್ಕೆ ಕಾಲಿಟ್ಟು ಮಾಡಬೇಕೆಂಬ ಮಾತನ್ನು ನಿಯಮದಲ್ಲೇ ಸೇರಿಸಿ. ಬದುಕಿರುವ ಗಿಡಗಳಿಗೆ ಒಪ್ಪಿಕೊಂಡ ಅನುದಾನವನ್ನು ಬಿಡುಗಡೆ ಮಾಡಿ. ಅದು ಬೇಸಿಗೆಯ ನೀರಿನ ಪೈಪಿಗೆ ಬೇಕು, ಒಂದು ಬಾವಿಯನ್ನು ಎಷ್ಟೆಂದು ಸೇದುವುದು? ಇಷ್ಟಾದ ಮೇಲೂ ಕೀಳಲೇಬೇಕೆಂದಾದರೆ, ಆಳುಗಳನ್ನು ಮಾತ್ರ ಕಳುಹಿಸದೆ ತಾವೇ ಬನ್ನಿ. ಮೊದಲ ಹಲಸಿನ ಗಿಡವನ್ನು ತಮ್ಮ ಕೈಯಿಂದಲೇ ಎಳೆಯಿರಿ. ಮುರಕಲ್ಲಿಗೆ ಬೇರು ಬಿಟ್ಟ ಗಿಡ ಅದು. ಸತ್ತದ್ದೋ ಬದುಕಿದ್ದೋ ಎಂಬುದನ್ನು ಅದೇ ತಮಗೆ ಹೇಳುತ್ತದೆ.

ಇಂತಿ,
ಅನುಮತಿಯಿಲ್ಲದೆ ಬದುಕುತ್ತಿರುವವುಗಳ ಪರವಾಗಿ,
ಶಶಿರಾಜ್
ಅಧ್ಯಕ್ಷ (ಗಿಡಗಳಿಲ್ಲವೆಂದು ತಾವು ಹೇಳುವ) ಸಂತೆಪದವು ಗಿಡ ಸಮಿತಿ
ಸೆಪ್ಟೆಂಬರ್ ೨೦೦೦