ನಲವತ್ತೊಂದನೇ ಮಿದುಳು ಯಾರದು?

‘ಯಂತ್ರಕ್ಕೆ ಕಂಡದ್ದೆಲ್ಲ ರೋಗವಲ್ಲ’ ಎಂದಿರೋ, ‘ನಮಗೆ ಕಂಡದ್ದೆಲ್ಲ ನಿಮಗೆ ಬೇಕಾದದ್ದಲ್ಲ’ ಎಂದಿರೋ, ಮಾನ್ಯ ನಿರ್ದೇಶಕರೇ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ಅಂದು ನಿಮ್ಮ ಕೋಣೆಯಲ್ಲಿ ನಾನು ನಿಮ್ಮ ಮುಖಕ್ಕಿಂತ ಮೇಜಿನ ಮೇಲಿನ ಗಾಜನ್ನೇ ಹೆಚ್ಚು ನೋಡುತ್ತಿದ್ದೆ. ಎರಡರಲ್ಲಿ ಯಾವುದನ್ನು ಹೇಳಿದ್ದರೂ ಫಲ ಒಂದೇ: ನನ್ನ ತಂಗಿಯ ಮಿದುಳಿನ ಚಿತ್ರಗಳು ನಿಮ್ಮ ಸಂಶೋಧನಾ ಕೇಂದ್ರದಲ್ಲಿವೆ, ಅವನ್ನು ಅವಳ ವೈದ್ಯರಿಗೆ ಕೊಡಲು ನೀವು ಒಪ್ಪುತ್ತಿಲ್ಲ. ನಾನು ಬರೆದ ಮೂರು ಪತ್ರಗಳಿಗೂ ಒಂದೇ ಉತ್ತರ ಬಂತು, ತಾರೀಖು ಮಾತ್ರ ಬೇರೆ ಬೇರೆ. ಆದ್ದರಿಂದ ನಾಲ್ಕನೆಯದನ್ನು ಎಲ್ಲರೆದುರು ಬರೆಯುತ್ತಿದ್ದೇನೆ.

ತಂಗಿ ದರ್ಜಿ ಅಂಗಡಿಗಳಿಗೆ ಕಾಜಾ ಹೊಲಿದುಕೊಡುವವಳು. ಗುಂಡಿ ತೂರುವ ಸೀಳಿನ ಅಂಚು ಬಿಚ್ಚಿಕೊಳ್ಳದಂತೆ ಸುತ್ತಲೂ ದಾರ ಹೆಣೆಯುವ ಕೆಲಸ. ಚೆನ್ನಾಗಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಎಂಟು ವರ್ಷದ ಹಿಂದೆ ಅವಳ ಎಡಗೈ ಬೆರಳುಗಳಿಗೆ ದಾರ ತಿಳಿಯದಾಯಿತು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ನರತಂತುಗಳ ಮೇಲಿನ ಹೊದಿಕೆಯನ್ನು ದೇಹದ ಕಾವಲುಪಡೆಯೇ ಕಿತ್ತುಹಾಕುವ ಕಾಯಿಲೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಎಂದು ವೈದ್ಯರು ವಿವರಿಸಿದಾಗ ತಂಗಿ, ‘ಹಾಗಾದ್ರೆ ದೂರು ಯಾರಿಗೆ ಕೊಡೋದು ಡಾಕ್ಟ್ರೇ?’ ಎಂದಳು. ತಮಾಷೆ ಎಂದುಕೊಂಡು ಮೂವರೂ ನಕ್ಕೆವು.

ನಿಮ್ಮ ಹೊಸ ಯಂತ್ರ ಬಂದಾಗ ಅವಳನ್ನು ಕರೆದಿರಿ. ಆಸ್ಪತ್ರೆಯ ಸ್ಕ್ಯಾನಿಗಿಂತ ಹಲವು ಪಟ್ಟು ಬಲವಾದ ಅಯಸ್ಕಾಂತ. ಮಿದುಳಿನ ಹೊರಪದರದಲ್ಲಿ ಮಾಮೂಲಿ ಯಂತ್ರಕ್ಕೆ ಸಿಗದ ಗಾಯಗಳೂ, ಹಳೆಯ ಗಾಯದ ಅಂಚಿನಲ್ಲಿ ಇನ್ನೂ ಹೊಗೆಯಾಡುವ ಉರಿಯೂ ಅದಕ್ಕೆ ಕಾಣುತ್ತವೆ. ಆರು ವರ್ಷ, ವರ್ಷಕ್ಕೆರಡು ಸಲ, ಅವಳು ಆ ಕೊಳವೆಯೊಳಗೆ ಮುಕ್ಕಾಲು ಗಂಟೆ ಮಿಸುಕಾಡದೆ ಮಲಗಿದಳು. ಅವಳಷ್ಟು ಸ್ವಚ್ಛವಾದ ಚಿತ್ರ ಇನ್ನಾರದೂ ಬರುವುದಿಲ್ಲ ಎಂದು ನಿಮ್ಮವರೇ ಹೊಗಳಿದ್ದರು. ಗುಟ್ಟು ಇಷ್ಟೇ: ಒಳಗೆ ಅವಳು ಮನಸ್ಸಿನಲ್ಲೇ ಕಾಜಾ ಹೊಲಿಯುತ್ತಿದ್ದಳು. ಯಂತ್ರ ನಡೆಸುವಾಕೆಗೆ ಇದು ಗೊತ್ತಿತ್ತು. ಸದ್ದು ನಿಂತಾಗಲೆಲ್ಲ ಗಾಜಿನ ಆಚೆಯಿಂದ ಮೈಕಿನಲ್ಲಿ, ‘ಎಷ್ಟಾಯ್ತು ಅಕ್ಕ?’ ಎನ್ನುವಳು. ‘ಎರಡು ಶರಟು ಮುಗೀತು, ಮೂರನೇದರ ಕಾಲರಿಗೆ ಬಂದಿದೀನಿ’ ಎನ್ನುವಳು ಇವಳು.

ಕಳೆದ ಸಲ ಆಕೆ ಎಷ್ಟಾಯ್ತು ಎಂದು ಕೇಳಲಿಲ್ಲ. ಬೇರೇನೂ ಹೇಳಲೂ ಇಲ್ಲ. ಯಾವ ನಿಯಮವನ್ನೂ ಮುರಿಯಲಿಲ್ಲ, ದಯವಿಟ್ಟು ಆಕೆಗೆ ನೋಟಿಸು ಕಳಿಸಬೇಡಿ. ತಂಗಿ ಇಳಿದಾಗ ಅವಳ ಚಪ್ಪಲಿಗಳನ್ನು ಕಾಲಿನ ಹತ್ತಿರ ತಂದಿಟ್ಟಳು, ಅಷ್ಟೇ.

ಎರಡು ತಿಂಗಳಲ್ಲಿ ಸೂಜಿ ಬಲಗೈಯಿಂದಲೂ ಜಾರತೊಡಗಿತು. ಆಸ್ಪತ್ರೆಯ ಸ್ಕ್ಯಾನ್ ‘ಹೊಸ ಬದಲಾವಣೆ ಇಲ್ಲ’ ಎಂದಿತು. ಸ್ಕ್ಯಾನಿನಲ್ಲಿ ಹೊಸದೇನಾದರೂ ಕಾಣದೆ ಬಲವಾದ ಔಷಧ ಕೊಡುವಂತಿಲ್ಲ ಎಂಬುದು ಔಷಧ ಮಂಜೂರು ಮಾಡುವ ಸಮಿತಿಯ ನಿಯಮ. ನಿಮ್ಮ ಚಿತ್ರಗಳಿದ್ದರೆ ತಾನು ವಾದಿಸಬಹುದು ಎಂದು ವೈದ್ಯರು ಹೇಳಿದರು. ಅದಕ್ಕಾಗಿಯೇ ಅಂದು ನಾವಿಬ್ಬರೂ ನಿಮ್ಮ ಕೋಣೆಯ ಹೊರಗೆ ಕಾದದ್ದು.

ಕಾಯುತ್ತಿದ್ದ ಬೆಂಚಿನ ಎದುರಿಗೇ, ಅತಿಥಿಗಳು ನೋಡಲೆಂದು, ಗೋಡೆಯಷ್ಟು ದೊಡ್ಡ ಚಿತ್ರಫಲಕ. ಸಾಲಾಗಿ ಆರು ಮಿದುಳು, ಒಂದೇ ಮಿದುಳು, ಆರು ವರ್ಷ. ಮೊದಲನೆಯದರಲ್ಲಿ ಎರಡು ಬಾಣದ ಗುರುತು, ಕೊನೆಯದರಲ್ಲಿ ಹನ್ನೊಂದು. ಕೆಳಗೆ ‘ಭಾಗಿ ಸಂಖ್ಯೆ ೪೧’. ತಂಗಿ ಕೈಚೀಲದಿಂದ ನಿಮ್ಮವರು ಮಣಿಕಟ್ಟಿಗೆ ಕಟ್ಟುತ್ತಿದ್ದ ಪ್ಲಾಸ್ಟಿಕ್ ಪಟ್ಟಿಯನ್ನು ತೆಗೆದು ನೋಡಿದಳು. ಅದರ ಮೇಲೂ ೪೧. ‘ಅಣ್ಣ, ಇದು ನಾನಲ್ವಾ?’ ಎಂದಳು.

ಒಳಗೆ ನೀವು ವಿವರಿಸಿದಿರಿ. ಭಾಗಿಗಳ ಖಾಸಗಿತನ ಕಾಪಾಡಲು ಚಿತ್ರಗಳಿಂದ ಹೆಸರು ಕಿತ್ತುಹಾಕಲಾಗಿದೆ. ಆದ್ದರಿಂದ ಯಾವ ಚಿತ್ರ ಯಾರದು ಎಂದು ಕೇಂದ್ರ ಹೇಳುವಂತಿಲ್ಲ. ಯಾರಿಂದ ಕಾಪಾಡುತ್ತಿದ್ದೀರಿ, ಮಾನ್ಯರೇ? ಅತಿಥಿಗಳು ನೋಡಬಹುದು, ವಿದ್ವಾಂಸರು ನೋಡಬಹುದು, ನೆಲ ಒರೆಸುವವರೂ ನೋಡಬಹುದು. ಆ ಮಿದುಳನ್ನು ಹೊತ್ತುಕೊಂಡು ಬಂದವಳಿಗೆ ಮಾತ್ರ ಅದು ಗುಟ್ಟೇ? ಸಂಶೋಧನೆಯ ಚಿತ್ರ ಚಿಕಿತ್ಸೆಯ ದಾರಿ ತಪ್ಪಿಸಬಹುದು ಎಂದಿರಿ. ಅದರಲ್ಲಿ ಹುರುಳಿದೆ; ಅದಕ್ಕೇ ನನಗೆ ಕೊಡಿ ಎನ್ನಲಿಲ್ಲ, ವೈದ್ಯರಿಗೆ ಕೊಡಿ ಎಂದೆ. ನಾನು ಇಪ್ಪತ್ತಾರು ವರ್ಷದಿಂದ ನಕ್ಷೆ ಬಿಡಿಸುವವನು. ದೊಡ್ಡ ಹಾಳೆಯಲ್ಲಿ ಕಾಣುವ ಬಾವಿ ಸಣ್ಣ ಹಾಳೆಯಲ್ಲಿ ಕಾಣುವುದಿಲ್ಲ. ಬಾವಿ ಇದೆಯೆಂದು ತಿಳಿದೂ ಸಣ್ಣ ಹಾಳೆಯನ್ನು ಕೈಗೆ ಕೊಟ್ಟು ಯಾರನ್ನೂ ಆ ದಾರಿಯಲ್ಲಿ ಕಳಿಸುವುದಿಲ್ಲ.

ಕೊನೆಗೆ ನೀವು ಒಪ್ಪಿಗೆ ಪತ್ರದ ಒಂಬತ್ತನೇ ಪುಟ ತೆರೆದಿರಿ. ಫಲಿತಾಂಶವನ್ನು ಭಾಗಿಗೆ ತಿಳಿಸಲಾಗುವುದಿಲ್ಲ ಎಂದು ಅಲ್ಲಿತ್ತು. ಕೆಳಗೆ ಅವಳ ಸಹಿ, ಪಕ್ಕದಲ್ಲಿ ಸಾಕ್ಷಿಯಾಗಿ ನನ್ನದು. ಸಹಿ ಹಾಕುವ ಮೊದಲು ಅವಳು, ‘ಎಲ್ಲ ಓದಿದ್ಯಾ ಅಣ್ಣ?’ ಎಂದು ಕೇಳಿದ್ದಳು. ಓದಿದೆ ಎಂದಿದ್ದೆ. ನಕ್ಷೆಯಲ್ಲಿ ಕೂದಲೆಳೆ ತಪ್ಪಿದರೂ ಹಾಳೆ ಹರಿಯುವ ನಾನು ಆರನೇ ಪುಟಕ್ಕೇ ಓದು ನಿಲ್ಲಿಸಿದ್ದೆ. ಈ ಪತ್ರದ ಸಿಟ್ಟೆಲ್ಲ ನಿಮ್ಮ ಮೇಲಿನದೇ ಎಂದು ತಿಳಿಯಬೇಡಿ. ಆದರೆ ನಿಮ್ಮ ಪಾಲು ಕಡಿಮೆಯೇನಿಲ್ಲ.

ಏಕೆಂದರೆ ಮೊನ್ನೆ ಸೋಮವಾರ ನಿಮ್ಮ ಕೇಂದ್ರದಿಂದ ಫೋನು ಬಂತು. ‘ನಲವತ್ತೊಂದಾ? ಮುಂದಿನ ತಿಂಗಳು ಬರ್ತೀರಲ್ವಾ?’ ನಿಮಗೆ ಮಿದುಳು ಬೇಕಾದಾಗ ಅದು ಯಾರದೆಂದು ಗೊತ್ತು, ಮನೆಯ ನಂಬರೂ ಗೊತ್ತು. ಬರುತ್ತೇನೆ ಎಂದಳು ತಂಗಿ. ನಾನು ರೇಗಿದೆ. ‘ಅರ್ಧ ಹೊಲಿದಿರೋ ಬಟ್ಟೆ ಬಿಟ್ಟು ಎದ್ದು ಬರೋಕಾಗುತ್ತಾ ಅಣ್ಣ? ನಾಳೆ ಇನ್ಯಾರಿಗೋ ಬೇಕಾಗುತ್ತೆ’ ಎಂದಳು. ಆ ‘ಇನ್ಯಾರೋ’ ಬಗ್ಗೆ ನಿಮ್ಮ ಕೇಂದ್ರಕ್ಕೆ ಅಪಾರ ಕಾಳಜಿ. ಎದುರಿಗಿರುವವಳೇ ಆ ‘ಇನ್ಯಾರೋ’ ಆಗುವುದು ಯಾವಾಗ?

ಔಷಧ ಸಮಿತಿ ಇದೇ ಇಪ್ಪತ್ತಕ್ಕೆ ಸೇರುತ್ತದೆ. ಆಮೇಲೆ ಆರು ತಿಂಗಳು ಸೇರುವುದಿಲ್ಲ. ಅಷ್ಟು ದಿನ ಅವಳ ಬಲಗೈ ಕಾಯುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ. ನಲವತ್ತೊಂದರ ಹನ್ನೆರಡೂ ಬಾರಿಯ ಚಿತ್ರಗಳು ಅದಕ್ಕೆ ಮೊದಲು ಅವಳ ವೈದ್ಯರ ಮೇಜಿನ ಮೇಲಿರಬೇಕು. ಇಲ್ಲವೇ ಆ ಫಲಕವನ್ನು ಗೋಡೆಯಿಂದ ಇಳಿಸಿ. ಎರಡೂ ಆಗದು ಎನ್ನುವುದಾದರೆ ಆ ಮಾತನ್ನು ಅವಳನ್ನು ಎದುರಿಗೆ ಕೂರಿಸಿಕೊಂಡು ಹೇಳಿ.

ಇಂತಿ,
ಓದದೆ ಸಾಕ್ಷಿ ಹಾಕಿದ,
ನಲವತ್ತೊಂದರ ಅಣ್ಣ

ಗಾಜಿನ ಆಚೆ ಕೂರುವ ತಾಯೀ, ಈ ಪತ್ರ ನಿಮಗೆ ಬರೆದದ್ದಲ್ಲ. ಆದರೂ ಕೇಳುತ್ತೇನೆ. ಆ ದಿನ ಒಳಗೆ ಅವಳು ಕಾಜಾ ಎಣಿಸುತ್ತ ನಿಮ್ಮ ದನಿಗೆ ಕಾಯುತ್ತಿದ್ದಾಗ, ಪರದೆಯ ಮುಂದೆ ನೀವು ಏನನ್ನು ಎಣಿಸುತ್ತಿದ್ದಿರಿ?