ಅಮ್ಮನ ಭುಜ, ಅತ್ತೆಯ ಸೊಂಟ

ಭಾನುವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ,

ಅಂತೂ ನಿನ್ನ ಕೋಟು ಮುಗಿಯಿತು ಕಣೇ. ಗುರುವಾರ ಅಷ್ಟು ಜನರೆದುರು ನಿಂತು ರೆಟ್ರೊವೈರಸ್ ಪುರಾಣ ಹೇಳುವಾಗ ಅಪ್ಪ ಹೊಲಿದ ಕೋಟೇ ಬೇಕು ಎಂದು ಹಟ ಹಿಡಿದವಳು ನೀನು. ಅಳತೆ ಕೇಳಿದರೆ "ಅಂದಾಜಿಗೆ ಹೊಲಿಯಪ್ಪಾ, ಪುರುಸೊತ್ತಿಲ್ಲ" ಅಂದೆ. ಅಲ್ಲಿ ಬಿಗಿಯಾದರೆ ಬಿಚ್ಚಿ ಹೊಲಿಯಲು ನಾನಿರುತ್ತೇನಾ?

ಅಂಗಡಿಯ ಅಟ್ಟದಲ್ಲಿ ಇಂಥದೇ ಕೋಟಿನ ಎರಡು ಹಳೆಯ ಕಾಗದದ ಅಚ್ಚು ಸಿಕ್ಕವು. ಒಂದು ನಿನ್ನ ಅಮ್ಮನ ಅಳತೆ, ಇನ್ನೊಂದು ನನ್ನ ತಂಗಿಯದು, ಅದೇ ನಿನ್ನ ಅತ್ತೆಯದು. ಎರಡನ್ನೂ ಇಲಿ ತಿಂದಿತ್ತು. ಪುಣ್ಯಕ್ಕೆ ಅಮ್ಮನದರಲ್ಲಿ ಕೆಳಗಡೆ, ಅತ್ತೆಯದರಲ್ಲಿ ಭುಜದ ಕಡೆ. ಅಮ್ಮನ ಕಾಗದದ ಗುಂಟ ಚಾಕ್ ಎಳೆಯುತ್ತಾ ಕಂಕುಳು ದಾಟಿದೆ, ಮುಂದೆ ಬರೀ ತೂತು.

ಆಗ ನೀನು ಫೋನಿನಲ್ಲಿ ಹೇಳಿದ್ದು ನೆನಪಾಯಿತು. ಒಂದೇ ಜೀವಕೋಶಕ್ಕೆ ಎರಡು ಬಗೆಯ ವೈರಸ್ ನುಗ್ಗಿದರೆ, ಅಲ್ಲಿ ಹುಟ್ಟುವ ಮರಿ ವೈರಸ್ಸಿನ ಹೊಟ್ಟೆಯಲ್ಲಿ ಇದರ ವಂಶದ ಬರಹದ್ದೊಂದು ಪ್ರತಿ, ಅದರದೊಂದು ಪ್ರತಿ ಸೇರಿಕೊಳ್ಳಬಹುದಂತೆ. ಮರಿ ಮುಂದಿನ ಜೀವಕೋಶಕ್ಕೆ ಹೋದಾಗ ಅದರೊಳಗಿನ ನಕಲುಗಾರ ಒಂದು ಪ್ರತಿ ನೋಡಿ ಡಿಎನ್ಎ ಬರೆಯುತ್ತಾ, ಅದು ತುಂಡಾದ ಕಡೆ, ಕೆಲವೊಮ್ಮೆ ಸುಮ್ಮಸುಮ್ಮನೆ, ಪಕ್ಕದ ಪ್ರತಿಯ ಅದೇ ಜಾಗಕ್ಕೆ ಜಿಗಿಯುತ್ತಾನಂತೆ. ಕೊನೆಗೆ ನಕಲು ಒಂದೇ, ಒಂದಿಷ್ಟು ಇದರದು, ಒಂದಿಷ್ಟು ಅದರದು. ಪರೀಕ್ಷೆಯಲ್ಲಿ ನಾನೂ ಅಕ್ಕಪಕ್ಕದ ಇಬ್ಬರದನ್ನೂ ನೋಡಿ ಹೀಗೇ ಬರೆಯುತ್ತಿದ್ದೆ, ಅದಕ್ಕೇ ಏಳನೇ ಕ್ಲಾಸು ದಾಟಲಿಲ್ಲ ಅಂದಿದ್ದೆ. ನೀನು ಬಿದ್ದೂ ಬಿದ್ದೂ ನಕ್ಕಿದ್ದೆ.

ಸರಿ, ಗುರುತಿಗೆ ಗುರುತು ಕೂಡಿಸಿ ನಾನೂ ಅತ್ತೆಯ ಕಾಗದಕ್ಕೆ ಜಿಗಿದೆ.

ಹೊಲಿದ ಮೇಲೆ ಅಮ್ಮ ಹಾಕಿ ನೋಡಿದಳು. ಭುಜ ಕೂತಿತು, ಸೊಂಟದ ಗುಂಡಿ ಮಾತ್ರ ಕಾಜಾದ ಮುಖ ನೋಡಲಿಲ್ಲ. ಅತ್ತೆ ಹಾಕಿದಳು. ಸೊಂಟ ಸರಿ, ಭುಜ ಜೋಲು. "ಒಳ್ಳೇ ಬಟ್ಟೆ ಹಾಳು ಮಾಡಿದ್ರಿ" ಎಂದು ಅಮ್ಮ. "ಇದು ಯಾವ ಪ್ರಾಣಿಗೆ ಅಣ್ಣಾ?" ಎಂದು ಅತ್ತೆ.

ಆಮೇಲೆ ಅತ್ತೆಯೇ ತನ್ನ ಮನೆಗೆ ಓಡಿ, ಕಳೆದ ಸಲ ನೀನು ಅಲ್ಲಿ ಮರೆತ ಅಂಗಿ ತಂದು ಕೋಟಿನ ಮೇಲೆ ಹಾಸಿದಳು. ಭುಜಕ್ಕೆ ಭುಜ, ಸೊಂಟಕ್ಕೆ ಸೊಂಟ, ತೋಳಿಗೆ ತೋಳು. ನೀನು ಹುಟ್ಟಿದಾಗಿನಿಂದ ಯಾರ ಥರ ಎಂದು ಕಿತ್ತಾಡಿದ ಇಬ್ಬರೂ ಕೋಟಿನ ಒಂದೊಂದು ತೋಳು ಹಿಡಿದು ಎತ್ತಿದರು. ಆಮೇಲೆ ನಕ್ಕರು ನೋಡು, ಪಕ್ಕದ ಅಂಗಡಿಯವನು ಇಣುಕಿದ.

ನಾಳೆ ಪಾರ್ಸೆಲ್ ಮಾಡುತ್ತೇನೆ. ಧೈರ್ಯವಾಗಿ ಮಾತಾಡು. ನನಗೇ ಅರ್ಥವಾಯಿತೆಂದರೆ ಯಾರಿಗೂ ಆಗುತ್ತದೆ. ಅಮ್ಮ ತಟ್ಟೆ ಕುಟ್ಟುತ್ತಿದ್ದಾಳೆ, "ಬರ್ತೀರೋ, ಅನ್ನ ನಾನೇ ಮುಗಿಸಲೋ" ಅಂತ. ಬಂದೆ ಬಂದೆ.

ನಿನ್ನ ನಕಲುಗಾರ ಅಪ್ಪ

ತಾ.ಕ.: ತೋಳಿನ ಕಾಗದ ಎರಡರಲ್ಲೂ ಪೂರಾ ಇಲಿಯ ಪಾಲಾಗಿತ್ತು. ಹೊಲಿದ ತೋಳು ನನ್ನ ಕೋಟಿನ ಅಳತೆ, ತುದಿ ಸ್ವಲ್ಪ ಮಡಿಚಿದ್ದೇನೆ, ಅಷ್ಟೇ. ಇಬ್ಬರಿಗೂ ಹೇಳಬೇಡ, ಪಾಪ, ಖುಷಿಯಾಗಿದ್ದಾರೆ.